ಮನೋಗಿ ಆರಿಸಿಕೊಂಡ ವಕೀಲ

ಸಂಜೆ ಪ್ರಾರ್ಥನೆಯ ಶಂಖ ಊದಿದ ಮೇಲೆ ನಮ್ಮ ಹಳ್ಳಿಯಲ್ಲಿ ಯಾರೂ ರಸ್ತೆಗಿಳಿಯುವಂತಿಲ್ಲ. ಇಳಿದವರ ಮನೆಗೆ ದಂಡ ಬೀಳುತ್ತದೆ. ಮನೋಗಿ ಅಕ್ಕ ಆ ದಿನ ಇಳಿದಳು. ರಸ್ತೆಯಾಚೆ ತಂಗಿ ಲುಪೆಯ ಅಡುಗೆಮನೆಯಿಂದ ಬಂದ ಸದ್ದು ಕೇಳಿ, ಹಾಡುತ್ತಿದ್ದ ಕೀರ್ತನೆಯನ್ನು ಅರ್ಧಕ್ಕೇ ಬಿಟ್ಟು ಓಡಿದಳು. ಊರಿಗೆ ಊರೇ ಕಣ್ಣು ಮುಚ್ಚಿ ಕೂತಿದ್ದ ಹೊತ್ತು ಅದು. ಹಾಗಾಗಿ ಮುಂದೆ ನಡೆದದ್ದನ್ನು ಕಂಡು ಬದುಕಿ ಉಳಿದವರು ಇಬ್ಬರೇ, ಮನೋಗಿ ಮತ್ತು ಲುಪೆ.

ಲುಪೆಯ ಗಂಡ ಫಾಲಾನಿಕೊ ಮಧ್ಯಾಹ್ನದಿಂದ ಕುಡಿಯುತ್ತಿದ್ದ. ಮನೋಗಿ ಒಳಗೆ ಕಾಲಿಟ್ಟಾಗ ಅವನು ಹೆಂಡತಿಯನ್ನು ಕಂಬದ ಬುಡಕ್ಕೆ ಒತ್ತಿ ಹಿಡಿದು ಕುತ್ತಿಗೆ ಹಿಸುಕುತ್ತಿದ್ದನಂತೆ. ನೆಲ ಕೆರೆಯುತ್ತಿದ್ದ ಲುಪೆಯ ಕಾಲು ಆಗಲೇ ಸುಮ್ಮನಾಗಿತ್ತಂತೆ. ತೆಂಗಿನಕಾಯಿ ಬುಟ್ಟಿ ಹೊರುವ ಅಡ್ಡೆಕೋಲು ಪಕ್ಕದಲ್ಲೇ ಒರಗಿತ್ತು. ಮನೋಗಿ ಅದನ್ನೆತ್ತಿ ಒಂದೇ ಏಟು ಹಾಕಿದಳು. ಅದು ಅವನ ಕಿವಿಯ ಹಿಂದೆ ಬಿತ್ತು. ಆಸ್ಪತ್ರೆ ತಲುಪುವ ಮೊದಲೇ, ನಮ್ಮ ದೊಡ್ಡಪ್ಪನ ಪಿಕಪ್ಪಿನ ಹಿಂಬದಿಯಲ್ಲಿ ಅವನ ಪ್ರಾಣ ಹೋಯಿತು.

ನಾನು ಮನೋಗಿಯ ಚಿಕ್ಕಪ್ಪನ ಮಗಳು. ಅವಳ ಮನೆಯಲ್ಲೇ ಬೆಳೆದವಳು. ಪೊಲೀಸರು ಬಂದಾಗ ಅವಳ ಪಕ್ಕದಲ್ಲೇ ಇದ್ದೆ. "ಹೊಡೆದದ್ದು ನಾನೇ, ಅವಳನ್ನ ಕೊಲ್ತಿದ್ದ, ಅದಕ್ಕೆ ಹೊಡೆದೆ" ಎಂದು ಅವಳು ನೇರವಾಗಿ ಹೇಳಿದಳು. ಲುಪೆಯನ್ನು ಕೇಳಿದಾಗ ಮಾತ್ರ ಅವಳು ಶಾಲನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡು, "ನಾನು ಒಲೆ ಕಡೆ ತಿರುಗಿದ್ದೆ, ಏನೂ ನೋಡ್ಲಿಲ್ಲ" ಎಂದಳು.

ಯಾಕೆ ಹಾಗೆಂದಳು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಅವಳ ಮೂರು ಮಕ್ಕಳು ಗಂಡನ ಮನೆಯವರ ಕೈಯಲ್ಲಿದ್ದರು. ಸತ್ತವನ ಮೇಲೆ ಬಾಯಿ ಬಿಟ್ಟರೆ ಅತ್ತೆ ಅವಳನ್ನು ತವರಿಗೆ ಅಟ್ಟಿ ಮಕ್ಕಳನ್ನು ಇಟ್ಟುಕೊಳ್ಳುವುದು ಖಂಡಿತವಾಗಿತ್ತು.

ಮರುದಿನ ಬೆಳಕು ಹರಿಯುವ ಮೊದಲು ನಮ್ಮ ಮನೆತನದ ಹಿರಿಯ ತುಪಾಯ್ ದೊಡ್ಡಪ್ಪ ಗಂಡಸರನ್ನೆಲ್ಲ ಕರೆದುಕೊಂಡು ಫಾಲಾನಿಕೊನ ಅಪ್ಪನ ಮನೆಯ ಮುಂದೆ ಹೋಗಿ ಕೂತ. ತಲೆಯ ಮೇಲೆ ನಮ್ಮ ಅಜ್ಜಿಯರು ಹೆಣೆದ ನಯವಾದ ಚಾಪೆಗಳನ್ನು ಹೊದ್ದು, ಬಗ್ಗಿ, ಮಾತಿಲ್ಲದೆ. ತಪ್ಪೊಪ್ಪಿಕೊಂಡು ಕ್ಷಮೆ ಕೇಳುವ ಕ್ರಮ ಅದು. ಹಿಂದಿನ ಕಾಲದಲ್ಲಾದರೆ ಒಳಗಿನಿಂದ ಯಾರಾದರೂ ಬಂದು ಕೊಡಲಿ ಬೀಸಿದರೂ ಕೇಳುವವರಿರಲಿಲ್ಲ. ಬಿಸಿಲು ಬೆನ್ನು ಸುಡುವ ತನಕ ಕೂತರು. ಕೊನೆಗೆ ಸತ್ತವನ ಅಪ್ಪ ಹೊರಗೆ ಬಂದು ದೊಡ್ಡಪ್ಪನ ತಲೆಯ ಮೇಲಿನ ಚಾಪೆ ಎತ್ತಿದ. ಎರಡೂ ಕಡೆಯವರು ಅತ್ತರು. ಚಾಪೆಗಳು, ಹಂದಿಗಳು ಆ ಮನೆಗೆ ಹೋದವು. ಎರಡು ಮನೆತನಗಳ ನಡುವಿನ ಲೆಕ್ಕ ಅಲ್ಲಿಗೆ ಮುಗಿಯಿತು. ಉಳಿದದ್ದು ಸರ್ಕಾರದ ಕೋರ್ಟು.

ಕೋರ್ಟಿಗೆಂದು ದೊಡ್ಡಪ್ಪ ರಾಜಧಾನಿ ಆಪಿಯಾದಿಂದ ರುಟಾ ಎಂಬ ವಕೀಲೆಯನ್ನು ಗೊತ್ತುಮಾಡಿದ. ನ್ಯೂಜಿಲೆಂಡಿನಲ್ಲಿ ಓದಿದವಳು, ಮೂವತ್ತೈದರ ಆಸುಪಾಸು, ಮಾತು ಚುರುಕು. ಹಡಗಿನಲ್ಲಿ ನಮ್ಮ ದ್ವೀಪಕ್ಕೆ ಬಂದು ಠಾಣೆಯಲ್ಲೇ ಮನೋಗಿಯನ್ನು ನೋಡಿದಳು. ದೊಡ್ಡಪ್ಪನೂ ನಾನೂ ಜೊತೆಯಲ್ಲಿದ್ದೆವು.

"ನೋಡಿ ಅಕ್ಕ, ನಿಮ್ಮ ಮನೆಯವರು ಕ್ಷಮೆ ಕೇಳಿದಾರೆ, ಅವರು ಒಪ್ಕೊಂಡಿದಾರೆ. ಕೋರ್ಟು ಅದಕ್ಕೆ ಬೆಲೆ ಕೊಡತ್ತೆ," ಎಂದಳು ರುಟಾ. "ನೀವು ತಪ್ಪೊಪ್ಕೊಂಡ್ರೆ ಒಂದೂವರೆ ವರ್ಷ, ಹೆಚ್ಚಂದ್ರೆ ಎರಡು. ಅದೃಷ್ಟ ಚೆನ್ನಾಗಿದ್ರೆ ಜೈಲೇ ಇಲ್ಲ."

"ನಾನು ಅವನ ಮೇಲಿನ ಸಿಟ್ಟಿಗೆ ಹೊಡೀಲಿಲ್ಲ," ಎಂದಳು ಮನೋಗಿ. "ತಂಗಿ ಸಾಯ್ತಿದ್ಲು."

"ಇರಬಹುದು. ಆದ್ರೆ ತಂಗೀನೇ ನೋಡ್ಲಿಲ್ಲ ಅಂತಿದಾರಲ್ಲ. ಏಟು ಬಿದ್ದಿರೋದು ಹಿಂದಿನಿಂದ. ನಡೆದದ್ದೇ ಬೇರೆ, ನಾವು ತೋರಿಸೋಕಾಗೋದೇ ಬೇರೆ."

"ಹಂಗಾದ್ರೆ ನಡೆದದ್ದನ್ನ ಯಾರಿಗೆ ಹೇಳ್ಬೇಕು ನಾನು?"

ರುಟಾ ಉತ್ತರ ಕೊಡುವ ಮೊದಲೇ ದೊಡ್ಡಪ್ಪ ಬಾಯಿ ಹಾಕಿದ. "ಊರವರ ಮುಂದೆ ಚಾಪೆ ಹೊದ್ದು ಕೂತವನು ನಾನು. ಈಗ ನೀನು ಕೋರ್ಟಲ್ಲಿ ನಿಂತು 'ನಂದೇನೂ ತಪ್ಪಿಲ್ಲ' ಅಂದ್ರೆ ನನ್ನ ಮುಖ ಎಲ್ಲಿಟ್ಕೊಳ್ಲಿ? ಅವರು ಎತ್ತಿದ ಚಾಪೇನ ನೀನು ಮತ್ತೆ ನನ್ನ ತಲೆ ಮೇಲೆ ಹಾಕ್ಬೇಡ."

ಮನೋಗಿ ತಲೆ ತಗ್ಗಿಸಿ ಕೂತಳು. ದೊಡ್ಡಪ್ಪನಿಗೆ ಎದುರಾಡುವ ಅಭ್ಯಾಸ ನಮ್ಮಲ್ಲಿಲ್ಲ. ಅವರಿಬ್ಬರೂ ಹೊರಟ ಮೇಲೆ ನನ್ನನ್ನು ಕರೆದು, "ಮುದುಕ ಇಯಾಕೊಪೊ ಇನ್ನೂ ಇದಾನಾ?" ಎಂದು ಕೇಳಿದಳು.

ಇಯಾಕೊಪೊ ನಮ್ಮ ದ್ವೀಪದ ಹಳೆಯ ವಕೀಲ. ಎಪ್ಪತ್ತೈದು ದಾಟಿತ್ತು. ಹೆಂಡತಿ ಸತ್ತ ಮೇಲೆ ಕೋರ್ಟಿಗೆ ಹೋಗುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದ. ಜನ ಅವನನ್ನು ಜಮೀನಿನ ಅರ್ಜಿ ಬರೆಸಲು ಕೂಡ ಕರೆಯುತ್ತಿರಲಿಲ್ಲ.

"ಅವನ್ಯಾಕಕ್ಕ?" ಎಂದೆ.

"ಹುಡುಗಿಯಾಗಿದ್ದಾಗ ಒಂದ್ಸಲ ಕೋರ್ಟಿಗೆ ಹೋಗಿದ್ದೆ, ನಮ್ಮಪ್ಪನ ದನದ ವಿಷಯಕ್ಕೆ. ಅಲ್ಲೊಬ್ಬಳು ಮುದುಕಿ ಸಾಕ್ಷಿ ಹೇಳ್ತಾ ಹೇಳ್ತಾ ಅಳೋಕೆ ಶುರು ಮಾಡಿದ್ಲು. ಬೇಗ ಮುಗಿಸು ಅಂತ ಎಲ್ಲರೂ ಗದರಿದ್ರು. ಈ ಇಯಾಕೊಪೊ ಎದ್ದು ನಿಂತು, 'ಅವರು ಅತ್ತು ಮುಗಿಸ್ಲಿ ಸ್ವಾಮಿ, ನಾವು ಕಾಯೋಣ' ಅಂದ. ಜಡ್ಜು ಕಾದ್ರು. ಅಂಥ ಬೇರೆ ವಕೀಲನ್ನ ನಾನು ಕಂಡಿಲ್ಲ ಕಣೆ."

ನಾನು ಹೋಗಿ ಕರೆದೆ. ಬಿಳಿ ಅಂಗಿ, ಕಪ್ಪು ಪಂಚೆ, ಕಂಕುಳಲ್ಲಿ ಒಂದು ಹಳೆ ಚೀಲ. ದಾರಿಯುದ್ದಕ್ಕೂ ನನ್ನನ್ನು ನಮ್ಮಮ್ಮನ ಹೆಸರಿನಿಂದ ಕರೆದ. ಎರಡು ಸಲ ತಿದ್ದಿ ಸುಮ್ಮನಾದೆ. ಠಾಣೆಯಲ್ಲಿ ಕುರ್ಚಿ ಬೇಡವೆಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಹೇಳು ಮಗಳೇ. ಒಳಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದೇನು?" ಎಂದು ಕೇಳಿದ.

"ಅವಳ ಕಾಲು," ಎಂದಳು ಮನೋಗಿ. ಅಲ್ಲಿಂದ ಕೊನೆಯವರೆಗೆ ಹೇಳಿದಳು. ಅವನು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಅವಳ ಕಡೆ ಬಾಗಿದ.

"ಇದಕ್ಕೆ ನೀನು ತಪ್ಪಾಯ್ತು ಅನ್ನಬಾರದು. ಒಬ್ಬರ ಜೀವ ಉಳಿಸೋಕೆ ಕೈ ಎತ್ತೋದನ್ನ ಕಾನೂನು ಒಪ್ಪತ್ತೆ. ತಪ್ಪಾಯ್ತು ಅಂತಲೇ ಹೇಳ್ಬೇಕು ಅನ್ನೋದಾದ್ರೆ ಆ ಹುಡುಗಿ ಸಾಕು, ಬುದ್ಧಿವಂತೆ. ನಾನು ಮನೆಗೆ ಹೋಗ್ತೀನಿ."

"ಹೋಗ್ಬೇಡಿ," ಎಂದಳು ಮನೋಗಿ.

ದೊಡ್ಡಪ್ಪನಿಗೆ ಸುದ್ದಿ ತಿಳಿದಾಗ ಅವನು ಬೈಯಲಿಲ್ಲ. "ಅವಳ ವಕೀಲ, ಅವಳ ಕೇಸು, ಅವಳ ಹಣೆಬರಹ" ಎಂದು ಎದ್ದುಹೋದ. ಆಮೇಲೆ ಅವನು ಕೋರ್ಟಿನ ಕಡೆ ತಲೆ ಹಾಕಲಿಲ್ಲ.

ವಿಚಾರಣೆ ಶುರುವಾಗುವ ಮೊದಲು ಜಡ್ಜು ಮನೋಗಿಯನ್ನು ಎದ್ದು ನಿಲ್ಲಿಸಿದರು. ರುಟಾ ಒಂದು ಕಡೆ, ಇಯಾಕೊಪೊ ಇನ್ನೊಂದು ಕಡೆ ನಿಂತಿದ್ದರು.

"ಈಗಿರುವ ವಕೀಲರನ್ನ ಬಿಡ್ತೀನಿ ಅಂತಿದೀರಿ. ನಿಮ್ಮ ಮೇಲೆ ಯಾರದಾದ್ರೂ ಒತ್ತಾಯ ಇದೆಯಾ?"

"ಇಲ್ಲ ಸ್ವಾಮಿ."

"ಇಯಾಕೊಪೊ ಅವರು ಈ ಕೋರ್ಟಿಗೆ ಬಂದು ಬಹಳ ಕಾಲ ಆಯ್ತು. ಅವರ ಆರೋಗ್ಯವೂ ಅಷ್ಟಕ್ಕಷ್ಟೇ ಅಂತ ಕೇಳಿದೀನಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ, ಇನ್ನೊಂದ್ಸಲ ಯೋಚನೆ ಮಾಡಿ."

ಇಯಾಕೊಪೊ ನಗುತ್ತ, "ಮಂಡಿ ನೋವಿದೆ ಸ್ವಾಮಿ, ನಾಲಿಗೆ ನೆಟ್ಟಗಿದೆ" ಎಂದ. ಕೂತಿದ್ದವರು ನಕ್ಕರು. ಜಡ್ಜು ನಗಲಿಲ್ಲ.

"ಯೋಚನೆ ಮಾಡಿದೀನಿ," ಎಂದಳು ಮನೋಗಿ. "ನನಗೆ ಇವರೇ ಬೇಕು."

"ಸರಿ. ತನ್ನ ವಕೀಲರನ್ನ ತಾನೇ ಆರಿಸಿಕೊಳ್ಳೋದು ಆಪಾದಿತರ ಹಕ್ಕು. ನಾನು ಅಡ್ಡ ಬರಲ್ಲ. ನಾನು ಎಚ್ಚರಿಸಿದೀನಿ ಅಂತ ಬರ್ಕೊಳ್ಳಿ." ಗುಮಾಸ್ತ ಬರೆದುಕೊಂಡ.

ನಮ್ಮ ಕಡೆ ಇದ್ದದ್ದು ಒಂದೇ ಒಂದು ಗಟ್ಟಿ ಆಧಾರ. ಫೆಟು ಎಂಬ ನರ್ಸು. ಸಾವಾದ ಮರುದಿನ ಲುಪೆ ಎಂಜಲು ನುಂಗಲಾಗದೆ ಆಸ್ಪತ್ರೆಗೆ ಹೋದಾಗ ಶಾಲು ಬಿಚ್ಚಿ ನೋಡಿದವಳು ಅವಳು. ಕುತ್ತಿಗೆಯ ಎರಡೂ ಬದಿ ಬೆರಳಿನ ಗುರುತು ನೀಲಿಗಟ್ಟಿತ್ತಂತೆ. ಬಿದ್ದೆ ಎಂದಳಂತೆ ಲುಪೆ. ಫೆಟು ಇದನ್ನು ನನಗೆ ಹೇಳಿದಳು, ನಾನು ಇಯಾಕೊಪೊಗೆ ಹೇಳಿದೆ. ಅವನು ಫೆಟುವನ್ನೇ ಹೋಗಿ ಕಂಡು ಮಾತಾಡಿ ಬಂದ. ಆಮೇಲೆ ಅವಳಿಗೆ ಆಪಿಯಾಕ್ಕೆ ವರ್ಗವಾಯಿತು. "ಕೋರ್ಟಿಂದ ಸಮನ್ಸು ಬಂದ್ರೆ ಮಾತ್ರ ಬರ್ತೀನಿ, ಸುಮ್ಮನೆ ಬಂದ್ರೆ ಸತ್ತವನ ಮನೆಯವರು ನನ್ನ ಬಿಟ್ಟಾರಾ?" ಎಂದಿದ್ದಳು. ಸಮನ್ಸಿನ ವಿಷಯ ಇಯಾಕೊಪೊನನ್ನು ಎರಡು ಮೂರು ಸಲ ಕೇಳಿದೆ. "ಕಳಿಸಿದೀನಮ್ಮ, ಆಗಲೇ ಕಳಿಸಿದೀನಿ" ಎಂದ.

ವಿಚಾರಣೆಯ ಮೊದಲ ದಿನ ಅವನು ಚೆನ್ನಾಗಿಯೇ ನಡೆಸಿದ. ಸರ್ಕಾರಿ ವಕೀಲ ಪೊಲೀಸನ ಬಾಯಲ್ಲಿ ಒಂದು ಹೇಳಿಸಿದರೆ, ಇವನು ಅದೇ ಬಾಯಲ್ಲಿ ಇನ್ನೊಂದು ಹೇಳಿಸಿದ. ತೀರ್ಪು ಹೇಳಬೇಕಾಗಿದ್ದ ಐವರು ಪಂಚರೂ ಕಿವಿಗೊಟ್ಟು ಕೂತಿದ್ದರು. ಮನೋಗಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು, ನೋಡಿದೆಯಾ ಎನ್ನುವಂತೆ.

ಎರಡನೆಯ ದಿನ ಸರ್ಕಾರದ ಕಡೆಯಿಂದ ಲುಪೆ ಬಂದಳು. ಕುತ್ತಿಗೆತನಕ ಗುಂಡಿ ಹಾಕಿದ ಕಪ್ಪು ಅಂಗಿ. ಅಕ್ಕನ ಕಡೆ ನೋಡಲೇ ಇಲ್ಲ. ಇಯಾಕೊಪೊ ಅವಳ ಹತ್ತಿರ ಹೋಗಿ ಮೆತ್ತಗೆ ಕೇಳಿದ. "ತಾಯೀ, ಆ ಸಂಜೆ ನಿನ್ನ ಕುತ್ತಿಗೆ ಮೇಲೆ ಯಾರ ಕೈಯಿತ್ತು?"

ಲುಪೆ ಜನ ಕೂತಿದ್ದ ಕಡೆ ನೋಡಿದಳು. ಅತ್ತೆ ಎರಡನೆಯ ಸಾಲಿನಲ್ಲಿ ಕೂತಿದ್ದಳು, ಕಿರಿಯ ಮಗು ಅವಳ ತೊಡೆಯ ಮೇಲಿತ್ತು.

"ನೆನಪಿಲ್ಲ," ಎಂದಳು ಲುಪೆ.

"ಸರಿ ತಾಯಿ. ಹೋಗು." ಅಷ್ಟಕ್ಕೇ ಬಿಟ್ಟ. ನರ್ಸು ಇದ್ದಾಳಲ್ಲ ಎನ್ನುವ ಧೈರ್ಯ ಅವನಿಗಿತ್ತೆಂದು ಕಾಣುತ್ತದೆ.

ಮಧ್ಯಾಹ್ನ ಮನೋಗಿ ತಾನೇ ಸಾಕ್ಷಿ ಹೇಳಿದಳು. ಆಮೇಲೆ ಇಯಾಕೊಪೊ ಎದ್ದು, "ನರ್ಸ್ ಫೆಟು ಅವರನ್ನ ಕರೀರಿ" ಎಂದ. ಜವಾನ ಹೊರಗೆ ಹೋಗಿ ಕೂಗಿದ. ಯಾರೂ ಬರಲಿಲ್ಲ. ಇನ್ನೊಂದು ಸಲ ಕೂಗಿದ.

"ಸಮನ್ಸು ಜಾರಿಯಾಗಿದೆಯಾ?" ಎಂದು ಜಡ್ಜು ಕೇಳಿದರು. ಗುಮಾಸ್ತ ಕಡತ ತಿರುವಿ, "ಅರ್ಜಿಯೇ ಬಂದಿಲ್ಲ ಸ್ವಾಮಿ" ಎಂದ.

"ಕಳಿಸಿದೀನಿ," ಎಂದ ಇಯಾಕೊಪೊ. ಚೀಲ ತೆರೆದು ಕಾಗದಗಳನ್ನು ಮೇಜಿನ ಮೇಲೆ ಹರಡಿದ. ಒಂದೊಂದೇ ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದ. ನೋಡಿದ್ದನ್ನೇ ಮತ್ತೆ ನೋಡಿದ. ಕೆಲವು ಕೆಳಗೆ ಬಿದ್ದವು. ಎದುರು ಕಡೆಯ ವಕೀಲನೇ ಬಗ್ಗಿ ಎತ್ತಿಕೊಟ್ಟ. ಇಯಾಕೊಪೊ ಬಾಗಿಲ ಕಡೆ ತಿರುಗಿ, ಫೆಟು ಈಗ ಬಂದಾಳು ಎನ್ನುವಂತೆ ನೋಡುತ್ತ ನಿಂತ.

"ಕಾಲಾವಕಾಶ ಬೇಕಾ ನಿಮಗೆ?" ಎಂದರು ಜಡ್ಜು.

ಬೇಕು ಎಂದಿದ್ದರೆ ಸಾಕಿತ್ತು. ಅವನು ಏನು ಕೇಳಿಸಿಕೊಂಡನೋ, "ನಮ್ಮ ಕಡೆ ಸಾಕ್ಷಿ ಇಷ್ಟೇ ಸ್ವಾಮಿ" ಎಂದು ಕೂತುಬಿಟ್ಟ.

ಐವರಲ್ಲಿ ನಾಲ್ವರು ಮನೋಗಿ ಅಪರಾಧಿ ಎಂದರು. ಜಡ್ಜು ಐದು ವರ್ಷ ಕೊಟ್ಟರು. ಕ್ಷಮೆ ಕೇಳಿದ್ದು ಮನೆತನ, ಆಕೆಯಲ್ಲ, ಆಕೆಯಲ್ಲಿ ಪಶ್ಚಾತ್ತಾಪ ಕಾಣಲಿಲ್ಲ ಎಂದರು. ಕರೆದೊಯ್ಯುವಾಗ ಅವಳು ಇಯಾಕೊಪೊನ ಹತ್ತಿರ ನಿಂತು ಅವನ ಭುಜ ಮುಟ್ಟಿದಳು. ಅವನು ಇನ್ನೂ ಕಾಗದ ಹುಡುಕುತ್ತಿದ್ದ.

ಜೈಲು ಆಚೆ ದ್ವೀಪದಲ್ಲಿತ್ತು. ತಿಂಗಳಿಗೊಮ್ಮೆ ಬೇಯಿಸಿದ ಕೆಸವಿನ ಗೆಡ್ಡೆ, ತೆಂಗಿನ ಹಾಲಲ್ಲಿ ಬೆಂದ ಸೊಪ್ಪು ಕಟ್ಟಿಕೊಂಡು ಹಡಗು ಹತ್ತುತ್ತಿದ್ದೆ. ಎರಡನೆಯ ಸಲ ಹೋದಾಗ ರುಟಾ ಅಲ್ಲಿದ್ದಳು. ಯಾರೂ ಕರೆದಿರಲಿಲ್ಲ, ತಾನಾಗಿ ಬಂದಿದ್ದಳು.

"ಮೇಲ್ಮನವಿ ಹಾಕೋಣ ಅಕ್ಕ. ದಾರಿ ಒಂದಿದೆ. ನಿಮ್ಮ ವಕೀಲರು ಕೆಲಸ ಸರಿಯಾಗಿ ಮಾಡ್ಲಿಲ್ಲ, ಅದರಿಂದ ನಿಮಗೆ ಅನ್ಯಾಯ ಆಯ್ತು ಅಂತ ನೀವು ಪ್ರಮಾಣ ಮಾಡಿ ಬರೆದುಕೊಡ್ಬೇಕು. ನೀವಿಬ್ಬರೂ ಒಳಗೆ ಏನೇನು ಮಾತಾಡಿದ್ರಿ ಅನ್ನೋದೂ ಹೊರಗೆ ಬರತ್ತೆ. ಅವರನ್ನ ಕಟಕಟೆಗೆ ಕರೀತಾರೆ."

"ಬೇಡ," ಎಂದಳು ಮನೋಗಿ. "ಅವರನ್ನ ಆರಿಸ್ಕೊಂಡವಳು ನಾನು. ಜಡ್ಜು ಬೇಡ ಅಂದ್ರು, ನೀನು ಬೇಡ ಅಂದೆ, ಮನೆಯವರು ಬೇಡ ಅಂದ್ರು. ಈಗ ಆ ಮುದುಕನ್ನ ಊರ ಮುಂದೆ ನಿಲ್ಸಿ ದಡ್ಡ ಅನ್ನಿಸ್ಲಾ?"

ರುಟಾ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಇಯಾಕೊಪೊನೇ ಬಂದ. ಹಡಗಿನಲ್ಲಿ ಅವನ ಮಗಳು ಸಾಲೋಮೆ ಕೈ ಹಿಡಿದು ಕರೆತಂದಿದ್ದಳು. ಸಾಲೋಮೆ ನಮ್ಮ ಯಾರೊಡನೆಯೂ ಮಾತಾಡಲಿಲ್ಲ, ಗೇಟಿನ ಹೊರಗೇ ನಿಂತಳು.

"ಸಹಿ ಹಾಕು ಮಗಳೇ," ಎಂದ ಅವನು.

"ನಿಮ್ಮ ಹೆಸರು ಹೋಗತ್ತೆ."

"ನನ್ನ ಹೆಸರು ನನಗೇ ಬೆಳಗಾದ್ರೆ ಒಂದೊಂದ್ಸಲ ಜ್ಞಾಪಕಕ್ಕೆ ಬರಲ್ಲ. ಹೋದ್ರೆ ಹೋಗ್ಲಿ." ಅವನು ನಕ್ಕ, ಅವಳು ನಗಲಿಲ್ಲ. "ಕೇಳು. ನನ್ನನ್ನ ಆರಿಸೋ ಹಕ್ಕು ನಿಂದಿತ್ತು. ನನ್ನನ್ನ ಬಿಡೋ ಹಕ್ಕೂ ನಿಂದೇ. ಮೊದಲನೇದನ್ನ ನನಗೋಸ್ಕರ ಮಾಡ್ಲಿಲ್ಲ ತಾನೆ ನೀನು? ಎರಡನೇದನ್ನ ನನಗೋಸ್ಕರ ಯಾಕೆ ತಡೀತೀಯ? ನಿನ್ನ ವಕೀಲನಾಗಿ ಕೊನೇ ಮಾತು ಹೇಳ್ತಿದೀನಿ. ಸಹಿ ಹಾಕು."

ಮನೋಗಿ ಸಹಿ ಹಾಕಿದಳು. ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು, ನಾವು ಹೊರಡುವ ತನಕ ಇತ್ತ ತಿರುಗಲಿಲ್ಲ.

ಆಪಿಯಾದಲ್ಲಿ ಮೇಲ್ಮನವಿ ನಡೆದ ದಿನ ಕೋರ್ಟು ತುಂಬಿತ್ತು. ನಮ್ಮ ಹಳ್ಳಿಯಿಂದಲೂ ಜನ ಬಂದಿದ್ದರು. ಇಯಾಕೊಪೊ ಕಟಕಟೆಯಲ್ಲಿ ನಿಂತ. ಸರ್ಕಾರಿ ವಕೀಲ ಅವನ ಮೊಮ್ಮಗನ ವಯಸ್ಸಿನವನು.

"ನರ್ಸಿಗೆ ಸಮನ್ಸು ಕಳಿಸಿದ್ರಾ?"

"ಕಳಿಸಿದೆ ಅಂತ ನಂಬಿದ್ದೆ."

"ಈಗ?"

"ಈಗ ನಂಬಿಕೆ ಇಲ್ಲ."

"ಈ ಮರೆವು ಯಾವಾಗಿಂದ?"

"ಹೆಂಡತಿ ಹೋದ ಮೇಲೆ. ಅದಕ್ಕೂ ಮುಂಚೆ ಇತ್ತೇನೋ, ಇದ್ರೆ ಅವಳು ನೋಡ್ಕೊಳ್ತಿದ್ಲು."

ಹಿಂದೆ ಯಾರೋ ಕಿಸಕ್ಕೆಂದರು. ಸಾಲೋಮೆ ಎದ್ದು ಹೊರಗೆ ಹೋದಳು.

"ನಿಮಗೆ ಮರೆವಿದೆ ಅಂತ ಗೊತ್ತಿದ್ದೂ ಒಬ್ಬ ಹೆಂಗಸಿನ ಬದುಕಿನ ಪ್ರಶ್ನೆ ಇರೋ ಕೇಸನ್ನ ಯಾಕೆ ಹಿಡಿದ್ರಿ?"

ಇಯಾಕೊಪೊ ಮನೋಗಿಯ ಕಡೆ ನೋಡಿದ. "ಆಕೆ ಕೇಳಿದ್ಲು. ನನ್ನನ್ನ ಯಾರಾದ್ರೂ ಬೇಕು ಅಂತ ಕೇಳಿ ಬಹಳ ವರ್ಷ ಆಗಿತ್ತು. ಇಲ್ಲ ಅನ್ನೋ ಶಕ್ತಿ ನನಗಿರ್ಲಿಲ್ಲ. ತಪ್ಪು ಅದೇ. ಸಮನ್ಸಲ್ಲ."

ಮೂವರು ನ್ಯಾಯಾಧೀಶರು ಒಂದು ವಾರದ ಮೇಲೆ ತೀರ್ಪು ಕೊಟ್ಟರು. ವಕೀಲರ ಲೋಪ ನಿಜ ಎಂದರು. ಆದರೆ ನರ್ಸು ಬಂದು ಹೇಳಿದ್ದರೂ ಆ ಗುರುತುಗಳು ಯಾವ ಹೊತ್ತಿನವು, ಯಾರಿಂದಾದವು ಎಂಬುದು ತೀರ್ಮಾನವಾಗುತ್ತಿರಲಿಲ್ಲ, ಗಾಯವಾದವಳೇ ಬಿದ್ದೆ ಎಂದಿದ್ದಾಳೆ ಎಂದರು. ಅಲ್ಲದೆ ಆಪಾದಿತಳಿಗೆ ನುರಿತ ವಕೀಲರಿದ್ದರು, ಜಡ್ಜು ಸ್ಪಷ್ಟವಾಗಿ ಎಚ್ಚರಿಸಿದ್ದರು, ಆಕೆ ತಿಳಿದೂ ತಿಳಿದೂ ತನ್ನ ಹಕ್ಕನ್ನು ಚಲಾಯಿಸಿದ್ದಾಳೆ ಎಂದರು. ಮೇಲ್ಮನವಿ ವಜಾ ಆಯಿತು.

ಇಂಗ್ಲಿಷಿನಲ್ಲಿ ಓದಿದ್ದರಿಂದ ಮನೋಗಿಗೆ ಅರ್ಥವಾಗಿರಲಿಲ್ಲ. "ಏನಂದ್ರು?" ಎಂದು ರುಟಾಳನ್ನು ಕೇಳಿದಳು.

ರುಟಾ ಕಡತ ಮುಚ್ಚಿದಳು. "ನೀವೇ ಆರಿಸ್ಕೊಂಡ್ರಿ ಅಂದ್ರು."

"ಅದು ನಿಜ ತಾನೆ," ಎಂದಳು ಮನೋಗಿ. ಪೊಲೀಸಿನವಳು ಕೈ ಹಿಡಿದಾಗ ಸುಮ್ಮನೆ ಹೊರಟಳು.

ಇಯಾಕೊಪೊನ ವಕೀಲಿಕೆಯ ಸನ್ನದು ಆ ವರ್ಷವೇ ಹೋಯಿತು. ಪೇಪರಿನಲ್ಲಿ ಅವನ ಫೋಟೋ ಬಂತು. ಅದರ ಮರುವರ್ಷ ಅವನು ತೀರಿಕೊಂಡ. ಮನೋಗಿಗೆ ಅಂತ್ಯಕ್ರಿಯೆಗೆ ಹೋಗಲು ಅನುಮತಿ ಸಿಗಲಿಲ್ಲ.

ಮೂರು ವರ್ಷ ಕಳೆದ ಮೇಲೆ ನಡತೆ ನೋಡಿ ಅವಳನ್ನು ಬಿಟ್ಟರು. ಕೂದಲು ಅರ್ಧ ಬೆಳ್ಳಗಾಗಿತ್ತು. ಮನೆಗೆ ಬಂದ ಮೊದಲ ಭಾನುವಾರ ಚರ್ಚಿನಲ್ಲಿ ಲುಪೆ ಅವಳ ಹಿಂದಿನ ಸಾಲಿನಲ್ಲಿ ಕೂತಿದ್ದಳು, ಮೂರೂ ಮಕ್ಕಳ ಜೊತೆ. ಪ್ರಾರ್ಥನೆ ಮುಗಿದಾಗ ಅಕ್ಕನ ಬೆನ್ನಿಗೆ ಹಣೆ ಒತ್ತಿ ನಿಂತಳು. ಮನೋಗಿ ತಿರುಗಲೂ ಇಲ್ಲ, ಸರಿಯಲೂ ಇಲ್ಲ. ಅತ್ತೆ ಹೊರಗಿನಿಂದ ಕರೆದಾಗ ಲುಪೆ ಹೋದಳು. ತುಪಾಯ್ ದೊಡ್ಡಪ್ಪ ಇವತ್ತಿಗೂ ಮನೋಗಿಯನ್ನು ಊಟಕ್ಕೆ ಕರೆದಿಲ್ಲ.

ಒಂದು ದಿನ ನನ್ನನ್ನು ಕರೆದುಕೊಂಡು ಅವಳು ಇಯಾಕೊಪೊನ ಮನೆಗೆ ಹೊರಟಳು. ಸಮಾಧಿ ಮನೆಯ ಮುಂದೆಯೇ ಇತ್ತು, ಬಿಳಿ ಸುಣ್ಣ ಬಳಿದಿದ್ದರು. ಸಾಲೋಮೆ ನಮ್ಮನ್ನು ನೋಡಿ ಒಳಗೆ ಹೋದಳು. ನಾವು ಸಮಾಧಿಯ ಪಕ್ಕ ಬಿಸಿಲಲ್ಲೇ ಕೂತೆವು. ಸುಮಾರು ಹೊತ್ತಾದ ಮೇಲೆ ಸಾಲೋಮೆ ಮೂರು ಲೋಟ ಕೊಕೋ ತಂದು ನಮ್ಮೆದುರು ಕೂತಳು.

"ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿತ್ತು," ಎಂದಳು. "ಈಗಲೂ ಸ್ವಲ್ಪ ಇದೆ."

"ಇರ್ಲಿ," ಎಂದಳು ಮನೋಗಿ.

"ಅಪ್ಪನಿಗೆ ಇರ್ಲಿಲ್ಲ. ಕೊನೇಲಿ ನನ್ನ ಗುರುತೂ ಸಿಗ್ತಿರ್ಲಿಲ್ಲ ಅವರಿಗೆ. ಆದ್ರೆ ಬೆಳಗೆದ್ದು ಕೇಳೋರು, 'ಆ ಹೆಣ್ಣುಮಗಳ ಕೇಸು ಏನಾಯ್ತು?' ಅಂತ. ಸೋತ್ವಿ ಅಂದ್ರೆ ಅಳೋರು. ಮಾರನೇ ದಿನ ಮರ್ತು ಮತ್ತೆ ಕೇಳೋರು, ಮತ್ತೆ ಹೊಸದಾಗಿ ಅಳೋರು. ನನಗೆ ನೋಡೋಕಾಗ್ಲಿಲ್ಲ. ಆಮೇಲಾಮೇಲೆ ಗೆದ್ರಿ ಅಪ್ಪ, ಆಕೆ ಮನೆಗೆ ಹೋದ್ಲು ಅನ್ನೋಕೆ ಶುರು ಮಾಡ್ದೆ."

ಮನೋಗಿ ಲೋಟ ಕೆಳಗಿಟ್ಟಳು.

"ಏನನ್ನೋರು?"

"ಏನಿಲ್ಲ. ಸರಿ ಅಂತ ಊಟ ಮಾಡೋರು."

"ಒಳ್ಳೇದು ಮಾಡಿದ್ರಿ," ಎಂದಳು ಮನೋಗಿ. ಕೊಕೋ ಆರಿಹೋಗಿತ್ತು. ಅದನ್ನೇ ಕುಡಿದು, ಬಸ್ಸು ತಪ್ಪಿಹೋದೀತೆಂದು ಎದ್ದೆವು.